ಮರಿಸ್ವಾಮಿ ಇಟ್ಟ ದೃಷ್ಟಿಬೊಟ್ಟು

ಈ ಕತೆ ನನ್ನದಲ್ಲ. ನನಗೆ ಇದನ್ನು ಮೊದಲು ಹೇಳಿದವರು ನಮ್ಮ ಬೀಗರು ಕರಿಬಸಪ್ಪನವರು. ಹಿಟ್ಟಿನ ಗಿರಣಿಯಲ್ಲಿ ಕರೆಂಟು ಹೋಗಿತ್ತು; ರಾಗಿ ಮೂಟೆಯ ಮೇಲೆ ಇಬ್ಬರೂ ಕೂತಿದ್ದೆವು. ಅವರು ಎಲೆಯಡಿಕೆ ಹಾಕಿಕೊಂಡು, ಮನೆದೇವರನ್ನು ಒಂದು ಸಲ ನೆನೆದು ಶುರು ಮಾಡಿದರು. ಆಮೇಲೆ ಕರೆಂಟು ಬಂದರೂ ಗಿರಣಿಯವನು ಮೋಟಾರು ಹಾಕಲಿಲ್ಲ, ಅವನೂ ಕೇಳುತ್ತಾ ನಿಂತುಬಿಟ್ಟಿದ್ದ. ನಾನೂ ಆ ದೇವರನ್ನೇ ನೆನೆದು ಹೇಳುತ್ತೇನೆ.

ಒಂದು ಪೇಟೆಯಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬ ತಾಯಿ. ಅವಳಿಗೆ ಒಬ್ಬನೇ ಮಗ, ಮರಿಸ್ವಾಮಿ. ಆಳು ನೋಡಿದರೆ ತೊಲೆಯ ಹಾಗಿದ್ದ. ಬುದ್ಧಿ ಮಾತ್ರ ಇನ್ನೂ ತೊಟ್ಟಿಲಲ್ಲೇ ಮಲಗಿತ್ತು. ಸುಳ್ಳು ಗೊತ್ತಿಲ್ಲ, ಕಳ್ಳತನ ಗೊತ್ತಿಲ್ಲ, ಹೇಳಿದ ಮಾತು ಮೀರುವುದಂತೂ ಗೊತ್ತೇ ಇಲ್ಲ. ಅದೇ ತೊಂದರೆ!

"ಹಾಲು ಉಕ್ಕುತ್ತೇನೋ ನೋಡ್ತಾ ಇರು ಮಗ" ಅಂತ ಹೇಳಿ ತಾಯಿ ನೀರಿಗೆ ಹೋದರೆ, ಬರುವಷ್ಟರಲ್ಲಿ ಒಲೆಯ ತುಂಬಾ ಹಾಲು.

"ಇದೇನೋ ಇದು!"

"ಉಕ್ಕಿತು ಕಣವ್ವ. ಕೊನೇವರೆಗೂ ನೋಡಿದೆ."

ಚಿಕ್ಕತಾಯಮ್ಮ ಹಣೆ ಚಚ್ಚಿಕೊಂಡಳು. ಅವಳಿಗೆ ಇದ್ದದ್ದು ಒಂದೇ ಕೊರಗು. "ನಾನಿರೋವರೆಗೂ ಸರಿ. ನಾನು ಕಣ್ಣು ಮುಚ್ಚಿದ ಮೇಲೆ ಈ ಕೂಸಿಗೆ ತುತ್ತು ಹಾಕೋರು ಯಾರಪ್ಪ, ಶಿವನೇ! ಇವನ ಕೈಗೆ ಒಂದು ಕಸುಬು ಹತ್ತಿದರೆ ಸಾಕು."

ಕೊನೆಗೆ ತಮ್ಮ ಗುರುಮಲ್ಲುವಿನ ಹತ್ತಿರ ಹೋದಳು. ಗುರುಮಲ್ಲು ಮೊದಲು ಅಂಗಡಿ ಬೋರ್ಡು ಬರೆಯುತ್ತಿದ್ದವನು, ಈಗ ಕಂಪ್ಯೂಟರಿನಲ್ಲಿ ಮಕ್ಕಳಾಡುವ ವೀಡಿಯೋ ಗೇಮು ಮಾಡುತ್ತಿದ್ದ. ಆ ಆಟದೊಳಗೆ ಒಂದು ರಾಜ್ಯ. ಕೋಟೆ, ಗುಡಿ, ಬಾವಿ, ಬಯಲು ಎಲ್ಲವೂ ಬೆಲ್ಲದ ಅಚ್ಚಿನಂಥ ಚೌಕ ಚೌಕದ ಬ್ಲಾಕುಗಳಿಂದ ಕಟ್ಟಿದ್ದು. ಒಬ್ಬ ರಾಜ, ಅವನಿಗೊಂದು ಕವಚ. ಬ್ಲಾಕಿಗೂ ಕವಚಕ್ಕೂ ಮೇಲೊಂದು ಬಣ್ಣದ ಹೊದಿಕೆ ಬರೆಯಬೇಕು. ಕಸೂತಿ ಬಟ್ಟೆಯಲ್ಲಿ ಇರುತ್ತವಲ್ಲ, ಅಂಥ ಸಣ್ಣ ಸಣ್ಣ ಮನೆಗಳು. ಒಂದೊಂದು ಮನೆಗೂ ಒಂದೊಂದು ಬಣ್ಣ ತುಂಬಬೇಕು. ಒಂದು ಕಲ್ಲು ಬರೆದರೆ ಸಾಕು, ಕಂಪ್ಯೂಟರು ಅದನ್ನೇ ಸಾವಿರ ಕಡೆ ಅಂಟಿಸಿ ಕೋಟೆ ಎಬ್ಬಿಸಿಬಿಡುತ್ತದೆ.

"ಅಕ್ಕ, ಬರೋ ಹುಣ್ಣಿಮೆಗೆ ಪೇಟೆ ಮಕ್ಕಳನ್ನೆಲ್ಲ ಕರೆದು ಆಡಿಸ್ತೀನಿ" ಅಂದ ಗುರುಮಲ್ಲು. "ಮಕ್ಕಳು ಕೂತು ಆಡಿದರೆ ನನ್ನ ಆಟ ಉಳೀತು. ಎದ್ದು ಹೋದರೆ ಬಾಗಿಲು ಹಾಕ್ಕೊಂಡು ಮತ್ತೆ ಬೋರ್ಡು ಬರೀತೀನಿ. ಅಷ್ಟರೊಳಗೆ ಇವನು ಕೆಲಸ ಕಲಿತರೆ ಜನ್ಮಪೂರ್ತಿ ನನ್ನ ಹತ್ತಿರಾನೇ ಇರಲಿ. ಇಲ್ಲದಿದ್ದರೆ ನೀನೇ ಕರ್ಕೊಂಡು ಹೋಗು."

ಚಿಕ್ಕತಾಯಮ್ಮ ದಿನಾ ಬುತ್ತಿ ಕಟ್ಟಿಕೊಂಡು ಬಂದು ಹೊಸ್ತಿಲಾಚೆ ಕೂರುತ್ತಿದ್ದಳು. ಒಳಗೆ ಮಗನ ಬೆನ್ನು ಕಾಣುತ್ತಿತ್ತು. ಆ ಬೆನ್ನು ನೋಡಿಕೊಂಡೇ ಶಿವನಾಮ ಹೇಳುತ್ತಿದ್ದಳು.

ಮೊದಲನೇ ದಿನ ಗುರುಮಲ್ಲು ಹೇಳಿದ: "ಲೇ ಮರಿ, ಕೋಟೆಗೆ ಕಲ್ಲು ಬೇಕು. ಹಿತ್ತಲ ಬಾವಿ ಕಟ್ಟೇಲಿ ಒಳ್ಳೇ ಕಲ್ಲಿದೆ. ಹೋಗಿ ನೋಡು, ಏನು ಕಾಣುತ್ತೋ ಅದನ್ನೇ ಬರಿ."

"ಆಗಲಿ ಮಾವ."

ಹೋದ, ನೋಡಿದ, ಬಂದ, ಬರೆದ. ಗುರುಮಲ್ಲು ಗುಂಡಿ ಒತ್ತಿ ಕೋಟೆ ಎಬ್ಬಿಸಿದ. ಅಬ್ಬಬ್ಬಾ! ಕೋಟೆಯ ಒಂದೊಂದು ಕಲ್ಲಿನ ಮೇಲೂ ಒಂದೊಂದು ಹಲ್ಲಿ! ಗೋಡೆಗೆ ಹಲ್ಲಿ, ಬುರುಜಿಗೆ ಹಲ್ಲಿ, ಹೆಬ್ಬಾಗಿಲಿಗೆ ಹಲ್ಲಿ!

"ಹಲ್ಲಿ ಯಾಕೋ ಬರೆದೆ?"

"ಕಲ್ಲಿನ ಮೇಲೆ ಕೂತಿತ್ತು ಮಾವ. ಕಂಡದ್ದನ್ನೇ ಬರಿ ಅಂದೆಯಲ್ಲ."

"ಅಯ್ಯೋ ಪೆದ್ದೇ! ಮೇಲೆ ಇರೋದನ್ನೆಲ್ಲ ಬರೀತಾರೇನೋ? ಯಾವುದೇ ಬರಿ, ಮೇಲಿರೋದನ್ನ ಒರೆಸಿ ಹಾಕಿ ಬರಿ!"

"ಹಂಗೇ ಮಾಡ್ತೀನಿ ಮಾವ. ನೆನಪಿಟ್ಕೊಂಡೆ."

ಮಾರನೇ ದಿನ ಹುಲ್ಲುಗಾವಲು ಬರೆಯುವ ಕೆಲಸ. ಮರಿಸ್ವಾಮಿ ನೆನಪಿಟ್ಟುಕೊಂಡಿದ್ದ. ಮಣ್ಣು ಬರೆದ. ಮಣ್ಣಿನ ಮೇಲೆ ಏನಿದೆ? ಹುಲ್ಲು. ಒರೆಸಿ ಹಾಕಿದ! ಗುಂಡಿ ಒತ್ತಿದರೆ ಕಣ್ಣು ಹಾಯುವಷ್ಟು ದೂರಕ್ಕೂ ಬರೀ ಕೆಮ್ಮಣ್ಣು. ಹಸಿರು ಕಂಡಲ್ಲಿ ಮೇಯಬೇಕು ಅಂತ ಗುರುಮಲ್ಲು ಆಟದ ಹಸುಗಳಿಗೆ ಕಲಿಸಿದ್ದ. ಅವು ಪಾಪ, ಅತ್ತ ತಿರುಗಿ ಇತ್ತ ತಿರುಗಿ, ಬಾಯಿ ಬಿಟ್ಟುಕೊಂಡು ನಿಂತವು.

"ಹುಲ್ಲೆಲ್ಲೋ?"

"ಮೇಲಿತ್ತು ಮಾವ. ಒರೆಸಿದೆ."

"ಅಯ್ಯೋ ಪೆದ್ದೇ! ಹುಲ್ಲೂ ಒರೆಸಿದರೆ ದನ ಏನು ತಿನ್ನಬೇಕು, ನಿನ್ನ ತಲೇನಾ? ಮೇಲೆ ಹಸಿರು, ಕೆಳಗೆ ಮಣ್ಣು! ಹೇಳು!"

"ಮೇಲೆ ಹಸಿರು, ಕೆಳಗೆ ಮಣ್ಣು. ಇನ್ನು ಮರೆಯಲ್ಲ ಮಾವ."

ಮರೆಯಲಿಲ್ಲ. ಅದನ್ನೇ ಜಪ ಮಾಡುತ್ತಾ ಮನೆಗೆ ಹೋದ, ಜಪ ಮಾಡುತ್ತಲೇ ಉಂಡ. ಮರುದಿನ ಗುರುಮಲ್ಲು ರಾಜನನ್ನು ತೋರಿಸಿದ. ಅಷ್ಟು ಸಣ್ಣ ಮುಖದಲ್ಲಿ ಕಣ್ಣು ಅಂದರೆ ಎರಡೇ ಎರಡು ಕಪ್ಪು ಚುಕ್ಕಿ. ಅವನ ಸೈನಿಕರಿಗೂ ಹಸುಗಳಿಗೂ ಅಷ್ಟೇ.

"ಮುಖ ನಾನು ಬರೆದಿದ್ದೀನಿ ಮರಿ, ಮುಟ್ಟಬೇಡ. ಕವಚ ಮಾತ್ರ ನೀನು ಬರಿ."

ಬರೆದ. ರಾಜನ ಶಿರಸ್ತ್ರಾಣದ ಮೇಲೆ ಸೊಂಪಾಗಿ ಹುಲ್ಲು. ಎದೆಯಿಂದ ಪಾದದವರೆಗೆ ಒದ್ದೆ ಮಣ್ಣು! ಪಾಪದ ರಾಜ, ಗದ್ದೆಯ ಬದುವೇ ಎದ್ದು ನಡೆದ ಹಾಗೆ ಹೊರಟ. ಬಯಲಲ್ಲಿ ಹಸಿದು ನಿಂತಿದ್ದ ಹಸುಗಳು ನೋಡಿದವು. ಹಸಿರು! ಒಂದು ಓಡಿ ಬಂತು, ಹಿಂದೆಯೇ ಇನ್ನೊಂದು, ಆಮೇಲೆ ಮಂದೆಗೆ ಮಂದೆ. ಕತ್ತಿ ಹಿಡಿದ ರಾಜ ಮುಂದೆ, ಬಾಲ ಎತ್ತಿದ ಹಸುಗಳು ಹಿಂದೆ!

ಹೊಸ್ತಿಲಾಚೆ ಚಿಕ್ಕತಾಯಮ್ಮನಿಗೆ ನಗು ಬಂತು. ಸೆರಗು ಬಾಯಿಗಿಟ್ಟುಕೊಂಡಳು. ಹುಣ್ಣಿಮೆ ನೆನಪಾಯಿತು, ಅದೇ ಸೆರಗಲ್ಲಿ ಕಣ್ಣೊರೆಸಿಕೊಂಡಳು.

"ಅಯ್ಯೋ ಪೆದ್ದೇ! ಕವಚ ಅಂದರೆ ಹೊಳೀಬೇಕು ಕಣೋ! ನಿನ್ನವ್ವ ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಚೊಂಬಿಲ್ವಾ? ನೋಡಿದರೆ ನಿನ್ನ ಮುಖ ಅದರಲ್ಲಿ ಕಾಣಬೇಕು, ಹಂಗೆ!"

"ನನ್ನ ಮುಖ ಕಾಣಬೇಕು. ಆಗಲಿ ಮಾವ."

ಆದರೆ ಮಾರನೇ ದಿನ ಕೊಟ್ಟ ಕೆಲಸ ಕವಚವಲ್ಲ, ಗುಡಿಯ ಕಲ್ಲು. ಮರಿಸ್ವಾಮಿ ಕನ್ನಡಿ ಮುಂದೆ ಇಟ್ಟುಕೊಂಡು, ಬೆಳಗಿನಿಂದ ಸಂಜೆವರೆಗೆ ಬೆವರು ಸುರಿಸಿ ತನ್ನ ಮುಖವನ್ನೇ ಬರೆದ. ಗುಂಡಿ ಒತ್ತಿದರೆ, ಶಿವಶಿವಾ! ಗೋಡೆಯಲ್ಲಿ ಮರಿಸ್ವಾಮಿ, ಕಂಬದಲ್ಲಿ ಮರಿಸ್ವಾಮಿ, ಗೋಪುರದ ತುದಿಯವರೆಗೂ ಹಲ್ಲು ಕಿರಿದುಕೊಂಡ ಮರಿಸ್ವಾಮಿ! ಕೆಳಗೆ ಮೆಟ್ಟಿಲಲ್ಲೂ ಅವನೇ; ರಾಜ ಅವನ ಮೂಗು ತುಳಿದುಕೊಂಡು ಒಳಗೆ ಹೋದ.

ಚಿಕ್ಕತಾಯಮ್ಮ ಎದ್ದು ನಿಂತು ಗಲ್ಲ ಗಲ್ಲ ಬಡಿದುಕೊಂಡಳು. "ತಪ್ಪಾಯ್ತು ಸ್ವಾಮಿ! ಏನೂ ತಿಳೀದ ಕೂಸು, ಹೊಟ್ಟೆಗೆ ಹಾಕ್ಕೋ!"

"ಅಕ್ಕ, ನನ್ನ ಕೈಲಾಗಲ್ಲ" ಅಂದ ಗುರುಮಲ್ಲು. "ನಾಳೆ ಬಿಟ್ಟು ನಾಡಿದ್ದು ಹುಣ್ಣಿಮೆ."

"ಒಂದೇ ಒಂದು ದಿನ ಅವನ ಪಕ್ಕದಲ್ಲೇ ಕೂತು ಹೇಳಿಕೊಡು ಮಲ್ಲು. ನಿನ್ನನ್ನ ಎತ್ತಿ ಆಡಿಸಿದ ಕೈ ಕಣೋ ಇದು."

ಅಕ್ಕನ ಮಾತು ಮೀರಲಾರದೆ ಗುರುಮಲ್ಲು ಕೂತ. ಈ ಮನೆಗೆ ಬೂದಿ ಬಣ್ಣ ತುಂಬು, ತುಂಬಿದ. ಈ ಮನೆಗೆ ಹಳದಿ, ತುಂಬಿದ. ಹಲ್ಲಿ ಹೋಯಿತು, ಹುಲ್ಲು ಬಂತು. ಗುಡಿ ಗುಡಿಯ ಹಾಗಾಯಿತು, ಕವಚ ಚೊಂಬಿನ ಹಾಗೆ ಹೊಳೆಯಿತು. ಅಲ್ಲಿಯವರೆಗೆ ಬೈದದ್ದೇ ಬೈದದ್ದು, ಆವತ್ತು ಗುರುಮಲ್ಲು ಸೋದರಳಿಯನ ಬೆನ್ನು ತಟ್ಟಿದ.

ತಾಯಿಯ ಸಂತೋಷ ಏನು ಕೇಳುತ್ತೀರಿ! ಹುಣ್ಣಿಮೆ ಬೆಳಿಗ್ಗೆ ಮಗನಿಗೆ ತಲೆಗೆ ಎಣ್ಣೆ ಹಚ್ಚಿ ಎರೆದು, ವಿಭೂತಿ ಇಟ್ಟು ಹೇಳಿದಳು: "ಇಷ್ಟು ಚೆನ್ನಾಗಿ ಮಾಡಿದ್ದೀಯ, ನಾಲ್ಕು ಜನ ನೋಡ್ತಾರೆ. ಕೂಸಿನ ಕೆನ್ನೆಗೆ ಇಡೋಲ್ವಾ, ಹಂಗೆ ದೃಷ್ಟಿಗೆ ಒಂದು ಕಪ್ಪು ಬೊಟ್ಟು ಇಡು ಮಗ. ಯಾವುದನ್ನೂ ಬಿಡಬೇಡ."

"ಆಗಲಿ ಅವ್ವ."

ಇನ್ನು ಹೇಳಬೇಕೆ! ಎಲ್ಲರಿಗಿಂತ ಮುಂಚೆ ಹೋಗಿ ಕೂತ. ಕಲ್ಲಿಗೊಂದು ಬೊಟ್ಟು, ಹುಲ್ಲಿಗೊಂದು, ನೀರಿಗೊಂದು, ಕವಚಕ್ಕೊಂದು, ಆಕಾಶ ಯಾಕೆ ಬಿಡಬೇಕು ಅಂತ ಅದಕ್ಕೂ ಒಂದು. ಒಂದು ಬರೆದರೆ ಸಾವಿರವಾಗುವ ಜಾಗವಲ್ಲವೇ ಅದು! ಮಕ್ಕಳು ಬಂದು ಅಂಗಳದಲ್ಲಿ ಪುರಿ ತಿನ್ನುತ್ತಾ ಕೂತಿದ್ದರು. ಗುರುಮಲ್ಲು ಒಳಗೆ ಬಂದು ನೋಡಿದರೆ ಇಡೀ ರಾಜ್ಯಕ್ಕೆ ಒಗ್ಗರಣೆ ಹಾಕಿದ ಹಾಗೆ ಸಾಸಿವೆ ಸಾಸಿವೆ!

"ಯಾರೋ ಹೇಳಿದ್ದು ನಿನಗೆ ಇದನ್ನ!"

"ಅವ್ವ."

ಗುರುಮಲ್ಲು ಅಕ್ಕನ ಕಡೆ ತಿರುಗಿದ. ಚಿಕ್ಕತಾಯಮ್ಮ ನೆಲ ನೋಡಿದಳು. ಹೊರಗೆ ಮಕ್ಕಳು "ಆಟ! ಆಟ!" ಅಂತ ಕೂಗುತ್ತಿದ್ದರು.

"ಲೇ, ಅಳಿಸೋ ಬೇಗ! ಕಪ್ಪು ಚುಕ್ಕಿ ಅನ್ನೋದು ಎಲ್ಲೂ ಒಂದೂ ಉಳೀಬಾರದು! ನಾನು ಮಕ್ಕಳನ್ನ ಅಷ್ಟೊತ್ತು ಹಿಡಿದಿರ್ತೀನಿ."

"ಒಂದೂ ಉಳೀಬಾರದು. ಆಗಲಿ ಮಾವ."

ಮರಿಸ್ವಾಮಿ ಅಳಿಸಿದ. ಕಲ್ಲಿನದು ಅಳಿಸಿದ, ನೀರಿನದು ಅಳಿಸಿದ, ಆಕಾಶದ್ದು ಅಳಿಸಿದ. ಒಂದೂ ಉಳಿಸಲಿಲ್ಲ. ಮಕ್ಕಳು ನುಗ್ಗಿ ಬಂದು ಕೂತರು. ಪರದೆ ಬೆಳಗಿತು. ಕೋಟೆ ಸ್ವಚ್ಛ, ಬಯಲು ಸ್ವಚ್ಛ. ಗುರುಮಲ್ಲು ಉಸಿರು ಬಿಟ್ಟ. ಹೆಬ್ಬಾಗಿಲು ತೆರೆದು ರಾಜ ಬಂದ. ಥಳಥಳ ಹೊಳೆಯುವ ಕವಚ, ಹುರಿಮೀಸೆ, ಅದರ ಮೇಲೆ ಬೋಳು ಬೋಳು ಮುಖ. ಕಣ್ಣೇ ಇಲ್ಲ! ರಾಜನಿಗಿಲ್ಲ, ಸೈನಿಕರಿಗಿಲ್ಲ, ಹಸುಗಳಿಗೂ ಇಲ್ಲ!

ಮಕ್ಕಳು ಪರದೆಯ ಹತ್ತಿರಕ್ಕೆ ಮುಖ ತಂದು ನೋಡಿದರು. ಆಮೇಲೆ ಮುಂದಿನ ಸಾಲಿನ ಹುಡುಗಿಯೊಬ್ಬಳು ಕೂಗಿದಳು: "ರಾಜನಿಗೆ ಕಣ್ಣು ಕಾಣಲ್ಲ ಕಣ್ರೇ! ಹಿಡ್ಕೊಂಡು ಹೋಗ್ರೋ!" ಆಟ ನಡೆಸುತ್ತಿದ್ದ ಹುಡುಗ ರಾಜನನ್ನು ಸೀದಾ ನಡೆಸಿಕೊಂಡು ಹೋಗಿ ಬಾವಿಗೆ ಇಳಿಸಿದ. ಬುಳುಂಕ್! ಮಕ್ಕಳು ಬಿದ್ದು ಬಿದ್ದು ನಕ್ಕರು. "ನನಗೆ ಕೊಡು! ಈ ಸಲ ಹಸೂನ ಬೀಳಿಸ್ತೀನಿ!" "ಇಲ್ಲ, ನನ್ನ ಸರದಿ!" ಊಟದ ಹೊತ್ತಾಯಿತು, ಒಬ್ಬರೂ ಏಳಲಿಲ್ಲ. ತಾಯಂದಿರು ಬಂದು ರಟ್ಟೆ ಹಿಡಿದು ಎಳೆದುಕೊಂಡು ಹೋಗಬೇಕಾಯಿತು.

ಗುರುಮಲ್ಲು ಮಕ್ಕಳು ಚೆಲ್ಲಿದ್ದ ಪುರಿಯನ್ನೆಲ್ಲ ಗುಡಿಸಿದ. ಆಮೇಲೆ ಅಂದ: "ಅಕ್ಕ, ಗೆಲ್ಲೋ ರಾಜನ್ನ ಮಾಡೋಕೆ ನಾನು ವರ್ಷವೆಲ್ಲ ಒದ್ದಾಡಿದೆ. ಮಕ್ಕಳಿಗೆ ಬೇಕಾಗಿದ್ದು ಬಾವಿಗೆ ಬೀಳೋ ರಾಜ. ಇವನು ನನ್ನ ಹತ್ತಿರಾನೇ ಇರಲಿ ಬಿಡು. ನಾನು ಉಂಡದ್ದರಲ್ಲಿ ಇವನಿಗೂ ತುತ್ತು ಉಂಟು."

ಚಿಕ್ಕತಾಯಮ್ಮ ಕೂತಲ್ಲಿಂದಲೇ ಮೇಲೆ ನೋಡಿ ಕೈಮುಗಿದಳು. ಆಮೇಲೆ ಮಗನನ್ನು ಹತ್ತಿರ ಕರೆದು ಕೇಳಿದಳು: "ಅಲ್ವೋ ಮಗ, ನಾನು ಇಡಿಸಿದ ಬೊಟ್ಟೆಲ್ಲ ಅಳಿಸಿಬಿಟ್ಟೆಯಲ್ಲ. ಇಷ್ಟು ಒಳ್ಳೇದಾಗಿದೆ, ಈಗ ದೃಷ್ಟಿಯಾದರೆ?"

"ಹೆಂಗಾಗುತ್ತವ್ವ?" ಅಂದ ಮರಿಸ್ವಾಮಿ. "ಅಲ್ಲಿ ಯಾರಿಗೂ ಕಣ್ಣೇ ಇಲ್ವಲ್ಲ!"

ಕೇಳಿದವರೇ, ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ, ಇನ್ನೊಬ್ಬರಿಗೆ ಹೇಳಿ. ಹೇಳುವಾಗ ಎಲ್ಲಾದರೂ ಒಂದು ಕಡೆ ಸಣ್ಣದೊಂದು ತಪ್ಪು ಮಾಡಿ. ಕತೆಗೂ ಒಂದು ದೃಷ್ಟಿಬೊಟ್ಟು ಇರಲಿ.