ಓಲಾಡಲು ನಾಚಿದ ಸಿಂಬಲ್

ಹೊಲಿಗೆ ಕಲಿಸುವ ಜಸಿಂತಾ ಬಾಯಿ ತಾವೂ ಏನಾದರೂ ಕಲಿಯಬೇಕೆಂದು ಒಂದು ಹಳೆಯ ಡ್ರಮ್ ಸೆಟ್ ಕೊಂಡು ತಂದರು. ಅದರಲ್ಲಿ ಒಂದು ಸಿಂಬಲ್ ಇತ್ತು. ಸಿಂಬಲ್ ಎಂದರೆ ಕಬ್ಬಿಣದ ಕಂಬಿಯ ತುದಿಯಲ್ಲಿ ಕೂರುವ ಕಂಚಿನ ತಟ್ಟೆ. ಕಬ್ಬಿಣ ಕಂಚನ್ನು ತಿನ್ನಬಾರದೆಂದು ಬಾಯಿಯವರು ಕಂಬಳಿಯಿಂದ ದುಂಡನೆಯ ಬಿಲ್ಲೆ ಕತ್ತರಿಸಿ ನಡುವೆ ಇಟ್ಟು, ತಟ್ಟೆ ಕಳಚದಂತೆ ಮೇಲೊಂದು ತಿರುಪು ಹಾಕಿದರು.

"ಎಲೋ ಕಂಬಳಿ ಚೂರೇ, ಮೇಲಿನ ತಿರುಪು ಬಿಗಿಯಾಗಲಿ. ಏಟಿಗೊಮ್ಮೆ ಕುಡುಕನಂತೆ ಓಲಾಡಲು ನನಗೆ ನಾಚಿಕೆ," ಎಂದಿತು ಸಿಂಬಲ್.

"ಬೇಡಣ್ಣ, ಓಲಾಡಿದರೇ ಏಟು ಮೈಯಿಂದ ಜಾರಿ ಹೋಗುವುದು. ಬಿಗಿದರೆ ಸೀಳಿಹೋಗುತ್ತೀಯೆ."

"ನಿನ್ನೆಯವರೆಗೆ ಹೊದಿಕೆಯಾಗಿದ್ದವನು ಕಂಚಿಗೆ ಬುದ್ಧಿ ಹೇಳುತ್ತೀಯಾ?"

ಅಲುಗಾಡುವುದು ಒಳ್ಳೆಯದಲ್ಲವೆಂದು ಬಾಯಿಯವರಿಗೂ ತೋರಿತು. ತಿರುಪನ್ನು ಗಟ್ಟಿಯಾಗಿ ತಿರುಗಿಸಿ, ಕೋಲಿನಿಂದ ಹೊಡೆದರು. 'ಟಪ್' ಎಂದಿತು. ಮತ್ತೆ ಹೊಡೆದರು. ಮತ್ತೆ 'ಟಪ್'.

"ಅಯ್ಯೋ ತಮ್ಮಾ, ಏಟೆಲ್ಲ ಒಳಗೇ ಉಳಿಯುತ್ತಿದೆ! ಮೈ ಸೀಳುತ್ತದೇನೋ," ಎಂದು ಸಿಂಬಲ್ ನರಳಿತು.

"ಇದು ಸತ್ತ ತಟ್ಟೆ. ಗುಜರಿಗೆ ಹಾಕುವುದೇ ಸರಿ," ಎನ್ನುತ್ತ ಬಾಯಿಯವರು ಅದನ್ನು ಕಳಚಲು ತಿರುಪು ಬಿಚ್ಚತೊಡಗಿದರು. ತಿರುಪು ಅರ್ಧ ಸಡಿಲವಾಯಿತು.

"ಈಗಲಾದರೂ ಓಲಾಡಣ್ಣ! ಮರ್ಯಾದೆ ಆಮೇಲೆ ನೋಡೋಣ," ಎಂದು ಬಿಲ್ಲೆ ಕೂಗಿತು.

ಅಷ್ಟರಲ್ಲಿ ಬಾಯಿಯವರ ಮೊಣಕೈ ತಾಗಿತು. ಸಿಂಬಲ್ ನಾಚಿಕೆ ಬಿಟ್ಟು, ಮೈಯನ್ನೆಲ್ಲ ಬಿಲ್ಲೆಯ ಮೇಲೆ ಚೆಲ್ಲಿ ತೂಗಾಡಿತು. 'ಝಣ್' ಎಂಬ ನಾದ ಕಿಟಕಿ ದಾಟಿ ಬೀದಿಯ ಕೊನೆಯವರೆಗೆ ಹೋಯಿತು. ಬಾಯಿಯವರು ಬೆರಗಾಗಿ ತಿರುಪಿನಿಂದ ಕೈ ತೆಗೆದು ಕೋಲು ಹಿಡಿದರು.

"ಬಾರಿಸಿ ಬಾಯಿಯವರೇ, ಬಾರಿಸಿ!" ಎಂದಿತು ಸಿಂಬಲ್, ಇನ್ನೂ ತೂಗಾಡುತ್ತ.