ಬಿಡಿಸಿಕೊಳ್ಳುವ ವಿದ್ಯೆ

ಹೊಳೆದಂಡೆಯ ಮರಳಿನಲ್ಲಿ ಹೆಣ್ಣುಮಕ್ಕಳಿಗೆ ಕುಸ್ತಿ ಕಲಿಸುತ್ತಿದ್ದ ಮುದುಕಿ ಸಂಕವ್ವನ ಬಳಿಗೆ ಸುಗ್ಗಲೆ ಎಂಬ ಎಳೆಯ ಸೂಲಗಿತ್ತಿ ಬಂದಳು.

ಸಂಕವ್ವ ಬಿಸಿಲಿಗೆ ಕೂತು ಹುರಿದ ಶೇಂಗಾ ತಿನ್ನುತ್ತಿದ್ದಳು.

"ಅವ್ವಾ, ಒಬ್ಬ ಗುರು ಕುಸ್ತಿಯೇ ದೊಡ್ಡದು ಅಂದ್ರು. ಇನ್ನೊಬ್ಬರು ಮುಷ್ಟಿಯುದ್ಧ ಅಂದ್ರು. ಮತ್ತೊಬ್ಬರು ಕಾಲಿನ ಹೊಡೆತಕ್ಕೆ ಸಮ ಯಾವುದೂ ಇಲ್ಲ ಅಂದ್ರು. ನಾನು ಯಾವುದನ್ನ ಕಲೀಲಿ?"

"ನಿನಗೆ ಯಾಕೆ ಬೇಕು?"

ಸುಗ್ಗಲೆ ತಲೆ ತಗ್ಗಿಸಿದಳು. "ತೋಪಿನ ದಾರೀಲಿ ಒಬ್ಬ ಕೈ ಹಿಡಿದ. ಯಾರೋ ಬರೋ ಸದ್ದಾಯ್ತು, ಬಿಟ್ಟು ಹೋದ. ಅವತ್ತಿಂದ ಒಬ್ಬಳೇ ಆ ದಾರಿಗೆ ಕಾಲಿಟ್ಟಿಲ್ಲ. ನಿನ್ನೆ ಪಕ್ಕದೂರಿಂದ ಹೆರಿಗೆಗೆ ಕರೆದ್ರು. ನಾನು ಹೋಗಲಿಲ್ಲ ಅವ್ವಾ."

ಸಂಕವ್ವ ಎಡಗೈ ಚಾಚಿ ಅವಳ ಮಣಿಕಟ್ಟು ಹಿಡಿದಳು.

"ಈಗ ಹೇಳು, ಯಾವ ವಿದ್ಯೆ ದೊಡ್ಡದು?"

ಸುಗ್ಗಲೆ ಎಳೆದಳು, ಜಗ್ಗಿದಳು. ಒಬ್ಬ ಗುರು ತೋರಿಸಿದ್ದ ಭಂಗಿಯಲ್ಲಿ ಕಾಲೂರಿ ನಿಂತಳು. ಮುದುಕಿ ಬಲಗೈಯಲ್ಲಿ ಶೇಂಗಾ ತಿನ್ನುತ್ತಲೇ ಇದ್ದಳು.

"ಬಿಡಿ ಅವ್ವಾ!"

"ಅವನಿಗೂ ಹೀಗೇ ಹೇಳ್ತೀಯಾ?"

ಸುಗ್ಗಲೆಗೆ ಅಳು ಬರಬೇಕಿತ್ತು. ಬಂದದ್ದು ನಗು.

"ಈಗ ನಿನಗೆ ಏನು ಬೇಕನ್ನಿಸ್ತಿದೆ?"

"ಬಿಡಿಸಿಕೊಂಡು ಓಡಬೇಕು!"

"ಹಾಗಾದ್ರೆ ಅದನ್ನೇ ಕಲಿಯೋಣ."

ಮರುದಿನದಿಂದ ಪಾಠ ಶುರುವಾಯಿತು.

"ಹಿಡಿದ ಕೈಯಲ್ಲಿ ಹೆಬ್ಬೆರಳು ಒಂಟಿ. ಆ ಕಡೆಗೆ ತಿರುಗಿಸಿ ಕಿತ್ತುಕೋ. ಬಾಯಿ ಮುಚ್ಚಿಕೊಂಡು ಅಲ್ಲ, ಕೂಗಿಕೊಂಡು. ಬಿದ್ದರೆ ಬಿದ್ದಲ್ಲೇ ಇರಬೇಡ."

ಮೊದಮೊದಲು ಸುಗ್ಗಲೆಯ ಕೂಗಿಗೆ ದಂಡೆಯ ಕೊಕ್ಕರೆಯೂ ತಲೆ ಎತ್ತಲಿಲ್ಲ. ಬಿದ್ದಳು, ಬಾಯಿತುಂಬ ಮರಳು ಉಗುಳಿದಳು, ಎದ್ದಳು. ಜೊತೆಗಾತಿಯರು ಅವಳನ್ನು ನಿಜವಾಗಿಯೇ ಹಿಡಿಯುತ್ತಿದ್ದರು, ನಿಜವಾಗಿಯೇ ಕೆಡವುತ್ತಿದ್ದರು. ಆಮೇಲೆ ಎಲ್ಲರೂ ಸೇರಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಸ್ವಲ್ಪ ಸಡಿಲ ಬಿಡಬಾರದೇ ಅವ್ವಾ?" ಎಂದು ಒಮ್ಮೆ ಕೇಳಿದಳು.

"ಸಡಿಲ ಬಿಡೋನು ನಿನ್ನ ಅಣ್ಣ. ದಾರೀಲಿ ಸಿಗೋನು ಅಣ್ಣ ಅಲ್ಲ."

ಒಂದು ದಿನ ಅವಳ ಕೂಗಿಗೆ ಕೊಕ್ಕರೆಗಳೆಲ್ಲ ಒಟ್ಟಿಗೆ ಹಾರಿದವು. ಸಂಕವ್ವ ಚಪ್ಪಾಳೆ ತಟ್ಟಿದಳು.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಪಕ್ಕದೂರಿಂದ ಮತ್ತೆ ಕರೆ ಬಂತು. ಸುಗ್ಗಲೆ ಒಬ್ಬಳೇ ಹೊರಟಳು.

ತೋಪಿನಲ್ಲಿ ಅದೇ ಮನುಷ್ಯ ಅಡ್ಡ ಬಂದ. ಅದೇ ಕೈ ಹಿಡಿದ.

ಎದೆ ಝಲ್ಲೆಂದಿತು. ಆದರೂ ತೋಪೆಲ್ಲ ಮಾರ್ದನಿಸುವಂತೆ ಕೂಗಿದಳು. ಅವನು ಬೆಚ್ಚಿದ. ಕೈ ತಿರುಗಿಸಿ ಕಿತ್ತುಕೊಂಡಳು, ಮೊಣಕೈಯಿಂದ ಅವನ ಎದೆಗೆ ಗುದ್ದಿದಳು. ಹಿಂದೆ ತಿರುಗಿ ನೋಡದೆ ಓಡಿದಳು. ಕೂಗು ಕೇಳಿ ಹೊಲದಲ್ಲಿದ್ದವರು ಕುಡುಗೋಲು ಹಿಡಿದೇ ಓಡಿಬಂದರು. ಅವನನ್ನು ಹಿಡಿದು ಕಟ್ಟಿಹಾಕಿದರು.

ಮರುದಿನ ಸುಗ್ಗಲೆ ಹೊಳೆದಂಡೆಗೆ ಬಂದಳು. ಮುಖದಲ್ಲಿ ನಗುವಿತ್ತು, ಆದರೂ ಏನೋ ಕೊರೆಯುತ್ತಿತ್ತು.

"ಅವ್ವಾ, ಅವನನ್ನ ಕೆಡವಿದ್ದು ನಾನಲ್ಲ, ಹೊಲದವರು. ನಾನು ಬರೀ ಓಡಿದೆ. ಗೆದ್ದೆ ಅಂತ ಹೇಗೆ ಹೇಳಲಿ?"

"ಓಡಿ ಎಲ್ಲಿಗೆ ಹೋದೆ?"

"ಹೆರಿಗೆ ಮನೆಗೆ."

"ಹೊತ್ತಿಗೆ ಸರಿಯಾಗಿ ಮುಟ್ಟಿದೆಯಾ?"

"ಮುಟ್ಟಿದೆ. ಮಗು ಅಡ್ಡ ಇತ್ತು. ತಿರುಗಿಸಿದೆ. ಹೆಣ್ಣು ಮಗು ಅವ್ವಾ, ಎಷ್ಟು ಕೂದಲು ಅಂತೀರಿ! ತಾಯೀನೂ ಸುಖವಾಗಿದ್ದಾಳೆ."

ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿ ಬಂತು.

ಸಂಕವ್ವ ಅವಳ ಗಲ್ಲ ಸವರಿದಳು.

"ಮತ್ತೆ ಇನ್ನೇನು ಗೆಲ್ಲಬೇಕಿತ್ತು, ಮಗಳೇ?"