ಓಗೊಟ್ಟವರಿಲ್ಲದ ಹಾಡು

"ಗುರುಗಳೇ, ತಮ್ಮ ಮಾತುಗಳನ್ನೆಲ್ಲ ಧ್ವನಿಮುದ್ರಣ ಮಾಡಿಟ್ಟುಕೊಳ್ಳಲೇ? ತಾವಿಲ್ಲದ ಕಾಲಕ್ಕೂ ತಮ್ಮ ದನಿ ನಮ್ಮ ಜೊತೆಗಿರಲಿ" ಎಂದು ಶಿಷ್ಯ ಮುರಿಗೆಪ್ಪ ಕೇಳಿದ. ಗುರುಗಳಿಗೆ ಎಂಬತ್ತು ದಾಟಿತ್ತು. ಈಚೆಗೆ ಪಾಠದ ನಡುವೆ ಅವರಿಗೆ ಉಸಿರು ಸಾಲುತ್ತಿರಲಿಲ್ಲ. ಮುರಿಗೆಪ್ಪನ ಭಯ ಅವರಿಗೆ ಅರ್ಥವಾಯಿತು. ಅವರು ಒಂದು ಕತೆ ಹೇಳಿದರು.

ಒಬ್ಬ ಸಂಗೀತ ವಿದ್ವಾಂಸನಿದ್ದ. ಆಫ್ರಿಕಾದ ಹಳ್ಳಿಗಳನ್ನು ಸುತ್ತಿ ಅಲ್ಲಿಯ ಜನಪದ ಹಾಡುಗಳನ್ನು ಟೇಪಿಗೆ ತುಂಬಿಕೊಳ್ಳುವುದು ಅವನ ಕಸುಬು. ಒಳ್ಳೆಯವನೇ. ಜನರ ಭಾಷೆ ಕಲಿತಿದ್ದ, ಅವರು ಕೊಟ್ಟದ್ದನ್ನು ಉಣ್ಣುತ್ತಿದ್ದ. ಆದರೆ ಒಂದು ಹುಚ್ಚಿತ್ತು. ಹತ್ತು ಮಂದಿ ಕೂಡಿ ಹಾಡಿದ್ದನ್ನು ಬಿಡಿಬಿಡಿಯಾಗಿ ಕೇಳದಿದ್ದರೆ ಅವನಿಗೆ ಸಮಾಧಾನವಿಲ್ಲ. ಒಬ್ಬೊಬ್ಬರನ್ನೇ ಕೂರಿಸಿ, ಅವರವರ ಪಾಲನ್ನಷ್ಟೇ ಹಾಡಿಸಿ, ಸ್ವರ ಬರೆದುಕೊಳ್ಳುತ್ತಿದ್ದ.

ಹೀಗೇ ಒಂದು ದೊಡ್ಡ ಸರೋವರದ ದಡದ ಹಳ್ಳಿಗೆ ಬಂದ. ನೀರುಪಾಲಾದವರಿಗಾಗಿ ಅಲ್ಲಿಯ ಹೆಂಗಸರು ಹಾಡುವ ಹಾಡೊಂದಿತ್ತು. ತಾಯಿಯಾದವಳು ದಡದಲ್ಲಿ ನಿಂತು 'ಮಗಳೇ, ಎಲ್ಲಿದ್ದೀಯೆ?' ಎಂದು ಕರೆಯುತ್ತಾಳೆ. ಸುತ್ತ ನಿಂತವರು ತಡಮಾಡದೆ 'ನಾವಿದ್ದೇವೆ, ಅವಳು ಮಲಗಲಿ' ಎಂದು ಓಗೊಡುತ್ತಾರೆ. ಒಂಬತ್ತು ಸಲ ಹೀಗೆ ಕರೆಯಬೇಕು. ವಿದ್ವಾಂಸ ಅಲ್ಲಿಯ ಮುದುಕಿಯೊಬ್ಬಳಿಗೆ, "ಅಮ್ಮಾ, ನಿನ್ನ ಕರೆಯನ್ನಷ್ಟೇ ಹಾಡು. ಉಳಿದವರು ಸುಮ್ಮನಿರಲಿ" ಎಂದ.

ಹೆಂಗಸರು ಬೆಚ್ಚಿಬಿದ್ದರು. ಮುದುಕಿ, "ಬೇಡಪ್ಪಾ. ನಾನು ಕರೆದಾಗ ಇವರು ಓಗೊಡದಿದ್ದರೆ ಅವಳೇ ಎದ್ದು ಬರಬೇಕಾಗುತ್ತದೆ" ಎಂದಳು. ಅವಳ ಮಗಳು ಏಳು ವರ್ಷದವಳಿದ್ದಾಗ ಆ ಸರೋವರದಲ್ಲಿ ಮುಳುಗಿದ್ದಳು. ದೇಹ ಸಿಕ್ಕಿರಲಿಲ್ಲ.

ವಿದ್ವಾಂಸ ಬಿಡಲಿಲ್ಲ, ವಾರವೆಲ್ಲ ದುಂಬಾಲು ಬಿದ್ದ. ಕೊನೆಗೆ ಮುದುಕಿ ಒಪ್ಪಿದಳು. ತನ್ನ ಮಾತಿನ ಜಾಣ್ಮೆಗೆ ಒಪ್ಪಿದಳೆಂದು ಅವನು ಬೀಗಿದ. ಪಾಪ, ಅವಳಿಗೆ ಮಗಳನ್ನು ಒಮ್ಮೆ ಕಾಣುವ ಆಸೆ ಹುಟ್ಟಿತ್ತು. ನಡುಮಧ್ಯಾಹ್ನ ದಡದಲ್ಲಿ ನಿಂತು ಅವಳು ಒಂಬತ್ತು ಸಲ ಕರೆದಳು. ಉಳಿದವರು ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಕರೆ ಕರೆಗಳ ನಡುವೆ ಅಲೆಯ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ.

"ನೋಡಿದೆಯಾ, ಏನೂ ಆಗಲಿಲ್ಲ" ಎಂದು ವಿದ್ವಾಂಸ ನಕ್ಕ.

ಮುದುಕಿ ನೀರಿನಿಂದ ಕಣ್ಣು ಕೀಳದೆ, "ದೂರದಿಂದ ಬರಬೇಕಲ್ಲಪ್ಪಾ" ಎಂದಳು. ಮರುದಿನ ಬೆಳಗ್ಗೆ ಅವನು ಟೇಪು ಕಟ್ಟಿಕೊಂಡು ತನ್ನ ದೇಶಕ್ಕೆ ಹೊರಟುಹೋದ.

ಅಷ್ಟು ಸ್ಪಷ್ಟವಾದ ಮುದ್ರಣ ಅದುವರೆಗೆ ಯಾರ ಬಳಿಯೂ ಇರಲಿಲ್ಲ. ಅವನಿಗೆ ಹೆಸರು ಬಂತು. ಪ್ರತಿಗಳನ್ನು ಮಾಡಿಸಿ ಕೇಳಿದ ವಿಶ್ವವಿದ್ಯಾಲಯಗಳಿಗೆಲ್ಲ ಕಳಿಸಿದ. ಒಂದು ದಿನ ಕೋಣೆಯಲ್ಲಿ ಕೂತು ಟೇಪು ಹಾಕಿದಾಗ, ಎರಡು ಕರೆಗಳ ನಡುವೆ ಒದ್ದೆ ಕಾಲಿನ ಹೆಜ್ಜೆ ಕೇಳಿಸಿತು. ಯಂತ್ರದ ದೋಷವೆಂದುಕೊಂಡ. ಮರುದಿನ ಹೆಜ್ಜೆ ಹತ್ತಿರವಾಗಿತ್ತು. ಗಾಬರಿಯಾಗಿ ಟೇಪು ನಿಲ್ಲಿಸಿದ. ಹೆಜ್ಜೆ ನಿಲ್ಲಲಿಲ್ಲ. ಅದು ಅವನ ಕುರ್ಚಿಯ ಹಿಂದಕ್ಕೆ ಬಂತು. ಒಂದು ಮಗುವಿನ ದನಿ ಆ ಹಳ್ಳಿಯ ಭಾಷೆಯಲ್ಲಿ 'ಅವ್ವ ಎಲ್ಲಿ?' ಎಂದು ಕೇಳಿತು.

ಅವನು ಆ ಹಳ್ಳಿಗೆ ಓಡಿದ. ಮುದುಕಿ ತೀರಿಕೊಂಡಿದ್ದಳು. "ಹೋಗಲಿ, ಮಗಳ ಬಳಿಗೆ ಹೋದಳಲ್ಲ" ಎಂದು ತನಗೇ ಸಮಾಧಾನ ಹೇಳಿಕೊಂಡ. ಹೆಂಗಸರಲ್ಲಿ ಹಿರಿಯಳು ಅವನ ಮುಖ ನೋಡಿ, "ಹೋದಳು. ಆದರೆ ಮಗಳು ನಿನ್ನ ಮನೆಯಲ್ಲಿದ್ದಾಳಲ್ಲ?" ಎಂದಳು. ಅವನು ಅವರಿಗಿನ್ನೂ ಏನೂ ಹೇಳಿರಲಿಲ್ಲ.

ಮರಳಿ ಬಂದು ತನ್ನ ಟೇಪನ್ನು ಸುಟ್ಟ. ಪ್ರತಿಗಳನ್ನು ಸುಡುವುದು ಅವನ ಕೈಯಲ್ಲಿರಲಿಲ್ಲ. ಯಾವ ದೇಶದಲ್ಲಿ ಯಾರು ಯಾವ ಗಳಿಗೆಯಲ್ಲಿ ಅದನ್ನು ಹಾಕಿದರೂ ಆ ಮಗು ಕರೆ ಕೇಳಿ ಏಳುತ್ತದೆ, ತಾಯಿಯಿಲ್ಲದ ಕೋಣೆಗೆ ನಡೆದು ಬರುತ್ತದೆ. ಕೇಳುವವರು ಹಾಡು ಚೆನ್ನಾಗಿದೆಯೆಂದು ತಲೆದೂಗುತ್ತಾರೆಯೇ ಹೊರತು ಓಗೊಡುವುದಿಲ್ಲ. ಅದಕ್ಕೇ, ಬದುಕಿನಲ್ಲಿ ಎಂದೂ ಹಾಡದ ಆ ವಿದ್ವಾಂಸ ಅಂದಿನಿಂದ ಹಾಡತೊಡಗಿದ. ಉಣ್ಣುವಾಗ, ಗಡ್ಡ ಹೆರೆಯುವಾಗ, ಪಾಠ ಹೇಳುವಾಗ ಇದ್ದಕ್ಕಿದ್ದಂತೆ 'ನಾನಿದ್ದೇನೆ, ಅವಳು ಮಲಗಲಿ' ಎನ್ನುತ್ತಿದ್ದ. ತಲೆ ಕೆಟ್ಟಿದೆ ಎಂದು ಜನ ಆಡಿಕೊಂಡರು. ಗಂಟಲು ಒಡೆದರೂ ಅವನು ನಿಲ್ಲಿಸಲಿಲ್ಲ. ಅವನು ಸತ್ತು ಬಹಳ ವರ್ಷಗಳಾದವು. ಪ್ರತಿಗಳು ಹಾಗೇ ಇವೆ.

ಗುರುಗಳು ಉಸಿರು ತೆಗೆದುಕೊಳ್ಳಲು ತುಸು ತಡೆದರು. ಮುರಿಗೆಪ್ಪ ಅಂಜುತ್ತಲೇ, "ಹಾಗಾದರೆ ಬೇಡವೇ?" ಎಂದ.

"ಮುದ್ರಿಸಿಕೊ ಮುರಿಗೆಪ್ಪಾ, ಆದರೆ ನೀನೂ ಇಲ್ಲದ ದಿನ ನನ್ನ ದನಿಗೆ ಯಾರು ಓಗೊಡುತ್ತಾರೆ, ಹೇಳು."